ದುಂಡೇಶನ ದನಿ ಹೊತ್ತವನು

ಇದು ನಡೆದ ಕಥೆ. ಮುಂಡಗೋಡದ ಆಚೆಯಿಂದ ಉಳವಿಯವರೆಗೆ, ಅಂಗಾಲಿಗೆ ಗುಳ್ಳೆ ಎದ್ದು ಒಡೆದು ಮತ್ತೆ ಏಳುವಷ್ಟು ನಡೆದ ಕಥೆ; ಸುಳ್ಳು ಅನ್ನುವವರು ಮೊದಲು ಹರೀಶನ ಕಾಲುಚೀಲ ಬಿಚ್ಚಿಸಿ ನೋಡಿ ಆಮೇಲೆ ಮಾತಾಡಬೇಕು. ಮಾತಿನದೇ ಹೆದರಿಕೆ ಹರೀಶನಿಗೆ ಆ ಬೆಳಿಗ್ಗೆ. ಕುಂಬಾರವಾಡದ ಚಹಾದಂಗಡಿಯ ಜಗಲಿಯ ಮೇಲೆ ಕಣ್ಣು ಬಿಟ್ಟಾಗ ಮೊದಲು ಕಂಡದ್ದು ದುಂಡೇಶನ ಬೆನ್ನು. ಮಂಜಿನಲ್ಲಿ ಕಂಬಳಿ ಮಡಚಿ ಪಕ್ಕಕ್ಕಿಟ್ಟು, ಹಿಮ್ಮಡಿಗೆ ಹಳೆಯ ಪಂಜೆಯ ಚೂರು ಸುತ್ತುತ್ತ ಅವನು ಕೂತಿದ್ದ. ಆ ಬೆನ್ನನ್ನು ಹರೀಶ ಹೊರಟ ದಿನದಿಂದ ನೋಡುತ್ತ ಬಂದಿದ್ದಾನೆ, ಯಾಕೆಂದರೆ ದುಂಡೇಶ ಯಾವಾಗಲೂ ನಾಲ್ಕು ಹೆಜ್ಜೆ ಮುಂದೆ. ಎತ್ತಿನ ಬೆನ್ನಿನ ಹಾಗೆ ಅಗಲ, ಅವಸರವಿಲ್ಲ, ದೂರಿಲ್ಲ. ಇವತ್ತು ಉಳವಿ. ಉಳವಿ ಮುಟ್ಟಿದ ಮೇಲೆ ಈ ಬೆನ್ನು ತಿರುಗುತ್ತದೆ, ಬಾಯಿ ತೆರೆಯುತ್ತದೆ. ಇಷ್ಟು ದಿನ ಕಟ್ಟಿಟ್ಟ ಮಾತುಗಳಲ್ಲಿ ಮೊದಲನೆಯದು ಯಾರ ಮೇಲೆ ಬೀಳಬೇಕು ಅನ್ನುವುದು ಹರೀಶನಿಗೆ ಗೊತ್ತಿತ್ತು. ಅವನು ಇನ್ನೂ ನಿದ್ದೆಯಲ್ಲಿರುವವನಂತೆ ಗೊರಕೆ ಹೊಡೆದ. ಗೊರಕೆಯೂ ಅವನದಲ್ಲ, ಅವನು ಕೆಲಸ ಮಾಡುವ ರಿಸಾರ್ಟಿನ ಮ್ಯಾನೇಜರನದು; ಬೇರೆಯವರ ದನಿ ತೆಗೆಯುವುದೇ ಅವನ ಕಸುಬು.

ಮಳೆಗಾಲದಲ್ಲಿ ದುಂಡೇಶನ ತಾಯಿ ಕಾಶೆವ್ವನಿಗೆ ಜ್ವರ ಬಂದು, ಧಾರವಾಡದ ಆಸ್ಪತ್ರೆಯಲ್ಲಿ ಗಂಟಲಿಗೆ ನಳಿಗೆ ಹಾಕಿ, ನಳಿಗೆ ತೆಗೆದ ಮೇಲೆ ಅವಳ ದನಿಯೇ ಹೋಗಿಬಿಟ್ಟಿತ್ತು. ತೇರಗಾಂವದ ಓಣಿಗೆ ಓಣಿಯೇ ಹೆದರುವ ದನಿ ಅದು. ಅವಳು ಹಿತ್ತಲಲ್ಲಿ ನಿಂತು ಎಮ್ಮೆಯನ್ನು ಕರೆದರೆ ಎರಡು ಮನೆ ಆಚೆಯ ಎಮ್ಮೆಯೂ ಎದ್ದು ನಿಲ್ಲುತ್ತಿತ್ತು. ಅಂಥವಳು ಹಾಸಿಗೆಯಲ್ಲಿ ಬರೀ ತುಟಿ ಅಲುಗಿಸುವುದನ್ನು ಕಂಡು ದುಂಡೇಶ ಹರಕೆ ಹೊತ್ತ. ಅವ್ವನ ಮಾತು ಮರಳಿ ಬಂದರೆ, ಅವ್ವ ಹುಟ್ಟಿ ಮೊದಲ ಮಾತಾಡಿದ ಮುಂಡಗೋಡದ ಕಡೆಯ ಹಳ್ಳಿಯಿಂದ ಉಳವಿಯ ಚನ್ನಬಸವಣ್ಣನ ಪಾದದವರೆಗೆ, ತಾನು ಒಂದು ಮಾತೂ ಆಡದೆ ನಡೆಯುತ್ತೇನೆ. ದನಿ ಬಂತು. ಮೊದಲಿಗಿಂತ ಒಂದು ಪಟ್ಟು ಹೆಚ್ಚಾಗಿಯೇ ಬಂತು ಎಂದು ಓಣಿಯವರು ಅಂದರು. ಅವರ ಮನೆತನದ ಕಟ್ಟಳೆ ಒಂದಿತ್ತು: ಯಾರ ಸಲುವಾಗಿ ಹರಕೆಯೋ ಅವರಿಗೆ ಅದು ತೀರುವ ತನಕ ಯಾರೂ ಹೇಳಬಾರದು, ಹೇಳಿದರೆ ಹರಕೆ ಮುರಿದಂತೆ, ಕೊಟ್ಟದ್ದನ್ನು ದೇವರು ವಾಪಸು ಕೇಳಬಹುದು. ಕಾಶೆವ್ವನಿಗೆ ಮಗ ಎಲ್ಲರ ಹಾಗೆ ಉಳವಿಗೆ ನಡೆದು ಹೊರಟಿದ್ದಾನೆ ಅಂತಷ್ಟೇ ಗೊತ್ತು. ಮೌನದ ಸುದ್ದಿ ಗೊತ್ತಿಲ್ಲ, ಗೊತ್ತಾಗಬಾರದು. ದುಂಡೇಶ ತನ್ನ ಟೆಂಪೋದ ಕೀಲಿ ಹಳಿಯಾಳದ ಗ್ಯಾರೇಜಿನ ಶೌಕತನ ಕೈಗೆ ಕೊಟ್ಟು, ಕಾಲೇಜಿನ ಗೆಳೆಯ ಹರೀಶನನ್ನು ಹುಡುಕಿಕೊಂಡು ಬಂದು ಹೇಳಿದ್ದ: "ಹ... ಹರ್ಯಾ, ಜೋಡಿ ಬಾ. ಅ... ಅವ್ವ ದಿನಾ ದೀಪಾ ಹಚ್ಚೂ ಹೊತ್ತಿಗೆ ಫೋನ್ ಮಾಡ್ತಾಳು. ನೀ ಮಾತಾಡಿ ಏ... ಏನರೆ ಹೇಳು. ನಾ ಮಲಗೇನಿ ಅನ್ನು, ಜ... ಜಳಕಕ್ಕ ಹೋಗೇನಿ ಅನ್ನು." "ನಿನ್ನ ಜೋಡಿ ಬಂದ್ರ ಪಾದಯಾತ್ರೆ ಅಲ್ಲಲೇ, ಬಾಧೆಯಾತ್ರೆ," ಅಂದಿದ್ದ ಹರೀಶ. ಆದರೂ ಬಂದ. ರಿಸಾರ್ಟಿಗೆ ರಜೆ ಹಾಕಿ, ಇರುವ ಒಂದೇ ಬೂಟು ಹಾಕಿಕೊಂಡು ಬಂದ. ಯಾಕೆ ಬಂದೆ ಎಂದು ಅವನನ್ನೇ ಕೇಳಿದ್ದರೆ ಯಾರದಾದರೂ ದನಿಯಲ್ಲಿ ಉತ್ತರ ಕೊಡುತ್ತಿದ್ದನೇ ಹೊರತು ತನ್ನ ದನಿಯಲ್ಲಿ ಕೊಡಲು ಅವನಿಗೆ ಗೊತ್ತಿರಲಿಲ್ಲ.

"ತೊ ಉಲಯ್ನಾ?" ಎಂದಳು ಚಹಾದಂಗಡಿಯ ಹೆಂಗಸು, ಬೇಯಿಸಿದ ಗೆಡ್ಡೆಯನ್ನು ಎಲೆಯ ಮೇಲೆ ಇಡುತ್ತ, ದುಂಡೇಶನತ್ತ ಗದ್ದ ಚಾಚಿ. ಮಾತಾಡುವುದಿಲ್ಲವಾ ಇವನು, ಎಂದು. "ಅವಂದೂ ನಾನ ಮಾತಾಡ್ತೇನ್ರಿ ಬಾಯಿ. ಗುತ್ತಿಗಿ ಹಿಡದೇನಿ," ಎಂದ ಹರೀಶ. ಅವಳು ನಕ್ಕಳು. ದುಂಡೇಶನೂ ತುಟಿಯ ಮೂಲೆಯಲ್ಲಿ ನಕ್ಕಂತೆ ಕಂಡಿತು, ಅಥವಾ ಗೆಡ್ಡೆ ಬಿಸಿಯಾಗಿತ್ತೋ ಏನೋ. ಅವನು ಎರಡು ಗೆಡ್ಡೆ ಸುಲಿದು, ದೊಡ್ಡದನ್ನು ಹರೀಶನ ಎಲೆಗೆ ದೂಡಿ, ಚಿಕ್ಕದನ್ನು ತಾನು ತಿಂದ. ಹೊರಟಂದಿನಿಂದ ಹೀಗೆಯೇ. ಹರೀಶನ ಬೂಟು ಕಚ್ಚಿದಾಗ ತನ್ನ ಚಪ್ಪಲಿ ಬಿಚ್ಚಿ ಕೊಟ್ಟು ತಾನು ಬರಿಗಾಲಲ್ಲಿ ಡಾಂಬರಿನ ಮೇಲೆ ನಡೆದ. ಭಾಗವತಿ ಹಳ್ಳಿಯ ಹತ್ತಿರ ಹರೀಶ ರಸ್ತೆಯ ಬದಿಗೆ ಕೂತು ಇನ್ನು ಆಗುವುದಿಲ್ಲ ಅಂದಾಗ, ಅವನ ಚೀಲವನ್ನೂ ತನ್ನ ಇನ್ನೊಂದು ಹೆಗಲಿಗೆ ಏರಿಸಿ, ಹಿಂದಿರುಗಿ ಕೂಡ ನೋಡದೆ ನಡೆದ, ಹರೀಶ ಎದ್ದು ಬರುತ್ತಾನೆ ಅನ್ನುವುದರಲ್ಲಿ ಅನುಮಾನವೇ ಇಲ್ಲದವನ ಹಾಗೆ. ಅನುಮಾನವೇ ಇಲ್ಲದಿರುವುದು ಅಂದರೆ ಹೇಗಿರುತ್ತದೆ ಎಂದು ಹರೀಶ ಆ ನಡಿಗೆಯನ್ನು ಹಿಂದಿನಿಂದ ಅನುಕರಿಸಿ ನೋಡಿದ್ದ. ಹೆಗಲು ಸ್ವಲ್ಪ ಮುಂದೆ, ಅಂಗಾಲು ಪೂರ್ತಿ ನೆಲಕ್ಕೆ, ಕೈ ಬೀಸದೆ. ಹತ್ತು ಹೆಜ್ಜೆಗೆ ಸೊಂಟ ಹಿಡಿಯಿತು. ಬೇರೆಯವರ ನಡಿಗೆ ಅವನಿಗೆ ಒಂದು ನೋಟಕ್ಕೆ ಸಿಕ್ಕಿಬಿಡುತ್ತದೆ. ಇದೊಂದು ಸಿಗಲಿಲ್ಲ.

ದನಿ ಮಾತ್ರ ಸಿಕ್ಕಿತ್ತು, ಎಂದೋ. ಕಾಲೇಜಿನಲ್ಲಿ ಹಾಜರಿ ಕರೆಯುವ ಹೊತ್ತಿಗೆ ದುಂಡೇಶನ ಕುತ್ತಿಗೆಯ ನರ ಉಬ್ಬುತ್ತಿತ್ತು. ಅವನ ಹೆಸರು ಬರುವುದಕ್ಕೆ ಮುಂಚೆಯೇ ಬೆಂಚು ಅಲುಗುತ್ತಿತ್ತು. ಹೆಸರು ಬಂದಾಗ ತುಟಿ ತೆರೆದು, ದನಿ ಬಾಗಿಲಲ್ಲಿ ಸಿಕ್ಕಿಕೊಂಡು, ಇಡೀ ತರಗತಿ ತಿರುಗಿ ನೋಡುವಷ್ಟು ಹೊತ್ತು. ಒಂದು ದಿನ ಪಕ್ಕದಲ್ಲಿದ್ದ ಹರೀಶ, ಬಾಯಿಗೆ ಕೈ ಅಡ್ಡ ಹಿಡಿದು, ದುಂಡೇಶನ ದನಿಯಲ್ಲಿ "ಯಸ್ ಸರ್" ಅಂದುಬಿಟ್ಟ. ಮಾಸ್ತರರು ತಲೆ ಎತ್ತಲಿಲ್ಲ. ಬೆಂಚು ನಿಂತಿತು. ಆಮೇಲೆ ದಿನಾ. ದುಂಡೇಶ ಪ್ರತಿಸಲ ಬೆಂಚಿನ ಕೆಳಗೆ ಅವನ ಮೊಣಕಾಲು ಒತ್ತಿ ಕೃತಜ್ಞತೆ ಹೇಳುತ್ತಿದ್ದ. ಗಣೇಶಗುಡಿಯ ಕಡೆಯ ರಿಸಾರ್ಟಿನಲ್ಲಿ ಸಂಜೆ ಬೆಂಕಿ ಹಾಕಿ ಪ್ರವಾಸಿಗರನ್ನು ಕೂರಿಸಿದಾಗ ಹರೀಶ ಮೊದಲು ಮಂಗಟ್ಟೆ ಹಕ್ಕಿ ಕೂಗುತ್ತಾನೆ. ಊರಿನಿಂದ ಬಂದವರು ಕ್ಯಾಮರಾ ಎತ್ತಿ ಮರ ಹುಡುಕುತ್ತಾರೆ. ಆಮೇಲೆ ಬಸ್ ಕಂಡಕ್ಟರ್, ಮಂತ್ರಿ, ಮುಂಡಗೋಡದ ಟಿಬೇಟಿ ಮಠದ ಉದ್ದನೆ ಕೊಂಬು. ಕೊನೆಯದು, ಎಲ್ಲಕ್ಕಿಂತ ಹೆಚ್ಚು ಚಪ್ಪಾಳೆ ಬೀಳುವುದು, ದಾರಿ ಹೇಳಲು ಹೊರಟು ಊರು ದಾಟಿದರೂ ಮಾತು ಮುಗಿಸದ ಟೆಂಪೋ ಡ್ರೈವರ್. ಕಳೆದ ದೀಪಾವಳಿಯ ರಜೆಯಲ್ಲಿ ಆ ಐಟಂ ಮಾಡುತ್ತಿದ್ದಾಗ ಬೆಂಕಿಯ ಆಚೆ, ತರಕಾರಿ ಕ್ರೇಟು ಇಳಿಸಿ ಲೆಕ್ಕ ಕೊಡಲು ಬಂದು ನಿಂತಿದ್ದ ದುಂಡೇಶ ಕಂಡ. ಹರೀಶ ಮಾತಿನ ಮಧ್ಯೆ ನಿಲ್ಲಬಹುದಿತ್ತು. ನಿಲ್ಲಲಿಲ್ಲ, ಅಲ್ಲಿ ನಿಂತರೆ ನಗೆ ಸತ್ತುಹೋಗುತ್ತದೆ ಎಂದು ಕಸುಬು ಹೇಳಿತು. ಮುಗಿಸಿದ. ದುಂಡೇಶ ಎಲ್ಲರ ಜೊತೆ ಚಪ್ಪಾಳೆ ತಟ್ಟಿ, ಖಾಲಿ ಕ್ರೇಟು ಎತ್ತಿಕೊಂಡು ಹೋದ. ಆ ಚಪ್ಪಾಳೆ, ಎರಡು ಅಗಲ ಅಂಗೈಯ ನಿಧಾನದ ಚಪ್ಪಾಳೆ, ಈಗಲೂ ಹರೀಶನಿಗೆ ನಡೆಯುವಾಗ ಹೆಜ್ಜೆಯ ಸದ್ದಿನಲ್ಲಿ ಕೇಳಿಸುತ್ತದೆ.

ಅದಕ್ಕೇ ಇರಬೇಕು, ಮೊದಲ ಸಂಜೆ ದುಂಡೇಶನ ಫೋನು ಗುಣುಗುಟ್ಟಿದಾಗ ಹಾಗಾದದ್ದು. ಜಳಕಕ್ಕೆ ಹೋಗಿದ್ದಾನೆ ಎಂದು ಹೇಳಬೇಕು, ಅಷ್ಟೇ ಇದ್ದದ್ದು. ಹರೀಶ ಗುಂಡಿ ಒತ್ತಿ, ಸ್ಪೀಕರ್ ಹಾಕಿ, ನಡುವೆ ಕಲ್ಲಿನ ಮೇಲಿಟ್ಟ. ದುಂಡೇಶನೂ ಕೇಳಲಿ, ಅವ್ವನ ದನಿಯಾದರೂ ಕೇಳಲಿ, ಎಂದು.

"ಯಾರು? ದುಂಡು ಏನ?" ಎಂದಳು ಕಾಶೆವ್ವ.

"ಹ... ಹ... ಹೂನವ್ವಾ. ನ... ನಾನ," ಎಂದಿತು ಹರೀಶನ ಬಾಯಿ.

ಕಡೆಯ ಅಕ್ಷರ ತುಟಿ ದಾಟಿದ ಮೇಲೆ ಅವನಿಗೆ ತಾನು ಮಾಡಿದ್ದು ತಿಳಿಯಿತು. ದುಂಡೇಶ ಎರಡೂ ಕೈ ಎತ್ತಿ ಬೀಸತೊಡಗಿದ. ಹರೀಶ ಅದನ್ನು 'ಬಿಡಬೇಡ, ಬಿಟ್ಟರೆ ಸಿಕ್ಕಿಬೀಳುತ್ತೀ, ಮುಂದುವರಿಸು' ಎಂದು ಓದಿಕೊಂಡ. ಆ ಕಡೆಯಿಂದ ಎಮ್ಮೆಯ ಕೊರಳ ಗಂಟೆ ಮಾತ್ರ ಕೇಳಿಸಿತು.

"ಊಟಾ ಆತನು?" ಎಂದಳು ಕಾಶೆವ್ವ ಕೊನೆಗೆ.

"ಆ... ಆತವ್ವಾ."

"ಏನ್ ಉಂಡಿ?"

"ರೊ... ರೊ... ರೊಟ್ಟಿ."

"ರೊಟ್ಟಿ ಜೋಡಿ?"

"ಪ... ಪ... ಪುಂಡಿಪಲ್ಯ."

ಕಾಶೆವ್ವನಿಗೆ ಕೆಮ್ಮು ಬಂತು. ಬಹಳ ಹೊತ್ತು ಬಂತು. ಪಾಪ, ಗಂಟಲು ಇನ್ನೂ ವಾಸಿಯಾಗಿಲ್ಲ ಅಂದುಕೊಂಡ ಹರೀಶ. ಫೋನು ಇಟ್ಟ ಮೇಲೆ, ಒಂದು ತಾಯಿಯ ಕಿವಿಯನ್ನೇ ಗೆದ್ದ ಕುಶಲಿಗನ ಹೆಮ್ಮೆಯಲ್ಲಿ ತಿರುಗಿ ನೋಡಿದರೆ ದುಂಡೇಶ ಗೋಡೆಗೆ ಮುಖ ಮಾಡಿ ಕೂತಿದ್ದ. ಅವನ ಹೆಗಲು ಅಲುಗುತ್ತಿತ್ತು. ಹರೀಶನ ಹೆಮ್ಮೆ ಅಲ್ಲೇ ಇಳಿದುಹೋಯಿತು. ಅಳುತ್ತಿದ್ದಾನೆ. ತನ್ನ ತೊದಲನ್ನು, ತನ್ನ ತಾಯಿಗೆ, ತನ್ನ ಎದುರೇ ಇನ್ನೊಬ್ಬನು ಆಡಿ ತೋರಿಸಿದರೆ ಯಾವ ಗಂಡಸು ಅಳುವುದಿಲ್ಲ? ಮತ್ತೆ ಮರುದಿನ ಬೇರೆ ದನಿಯಲ್ಲಿ ಮಾತಾಡುವಂತಿರಲಿಲ್ಲ. ನಿನ್ನೆ ಮಾತಾಡಿದ ಮಗ ಇವತ್ತು ಯಾಕೆ ಮಾತಾಡುವುದಿಲ್ಲ ಎಂದು ಅವಳು ಕೇಳಿದರೆ? ಒಂದು ಪ್ರಶ್ನೆ ಹೋಗಿ ಇನ್ನೊಂದು ಬಂದು, ಹರಕೆಯ ಗುಟ್ಟು ಬಿಚ್ಚಿಕೊಂಡರೆ? ಅವಳ ದನಿ ಮತ್ತೆ ಹೋದರೆ? ದೇವರನ್ನು ಹರೀಶ ಅಷ್ಟಾಗಿ ನಂಬುತ್ತಿರಲಿಲ್ಲ. ಆದರೆ ದುಂಡೇಶ ನಂಬಿ ಬರಿಗಾಲಲ್ಲಿ ನಡೆಯುತ್ತಿದ್ದ. ಆ ಕಾಲನ್ನು ಹರೀಶ ನಂಬಲೇಬೇಕಾಗಿತ್ತು.

ಹೀಗೆ ಪ್ರತಿ ಸಂಜೆ ಅವನು ದುಂಡೇಶನ ದನಿ ಹೊತ್ತುಕೊಂಡ. ಹಗಲು ದುಂಡೇಶ ಅವನ ಚೀಲ ಹೊರುತ್ತಿದ್ದ, ಸಂಜೆ ಅವನು ಇವನ ತೊದಲು. ಹಳಿಯಾಳದಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಪಕ್ಕ ನಿಂತು, ಚಾಲಕರೆಲ್ಲ ಕೇಳುತ್ತಿರುವಾಗ, "ಕ... ಕ... ಕಬ್ಬು ಕ... ಕಬ್ಬಿಣದಂಗ ಅದಾವವ್ವಾ" ಎಂದು ವರದಿ ಒಪ್ಪಿಸಿದ. ಕಾಶೆವ್ವ ಈಗೀಗ ಮಾತು ಬೆಳೆಸುತ್ತಿದ್ದಳು. ಮೊದಲೆಲ್ಲ ಹೇಗಿದ್ದೀ, ಉಂಡೆಯಾ, ಇಡು ಅನ್ನುವವಳು, ಈಗ ದಾರಿಯ ಪ್ರತಿ ಮರದ ಹೆಸರು ಕೇಳುತ್ತಿದ್ದಳು, ಪ್ರತಿ ಅಂಗಡಿಯ ತಿಂಡಿ ಕೇಳುತ್ತಿದ್ದಳು. ದಾಂಡೇಲಿಯಲ್ಲಿ ಕಾಳಿಯ ಸೇತುವೆಯ ಮೇಲೆ, ಮಿಲ್ಲಿನ ಹುಳಿ ವಾಸನೆಯ ಗಾಳಿಯಲ್ಲಿ, ಹರೀಶ ಹುಟ್ಟಿ ಬೆಳೆದ ಆ ಊರಿನ ಮಂದಿ ಸೈಕಲ್ ನಿಲ್ಲಿಸಿ ಕಿವಿಗೊಡುತ್ತಿರುವಾಗ, ಅವಳು ಕೇಳಿದಳು: "ಅಲ್ಲಿ ಮಿಲ್ಲಿನ ಭೋಂಗಾ ಇನ್ನೂ ಹೊಡಿತೈತೇನ ದುಂಡು?"

"ಹೊ... ಹೊಡಿತೈತವ್ವಾ."

"ಹೆಂಗ ಹೊಡಿತೈತಿ? ನಾ ಸಣ್ಣಾಕಿದ್ದಾಗ ಕೇಳಿದ್ದು. ಸ್ವಲ್ಪ ಮಾಡಿ ತೋರಸಪಾ."

ಹರೀಶ ಕಂಗಾಲಾದ. ಮಿಲ್ಲಿನ ಭೋಂಗಾ, ಪಾಳಿ ಬದಲಾಗುವಾಗ ಹೊಡೆಯುವ ಆ ಸೈರನ್ನು, ಅವನ ಬಾಯಿಗೆ ಕೂತದ್ದು ಚಡ್ಡಿ ಹಾಕುವ ಕಾಲದಲ್ಲಿ. ಅದರಿಂದ ಅವನು ಒಮ್ಮೆ ಪಾಳಿ ಮುಗಿಯುವ ಮುಂಚೆ ಇಡೀ ಬೀದಿಯ ಹೆಂಗಸರು ಒಲೆ ಹೊತ್ತಿಸುವಂತೆ ಮಾಡಿದ್ದ. ಆದರೆ ಈಗ ಹೊಡೆಯಬೇಕಾದದ್ದು ಹರೀಶನ ಭೋಂಗಾ ಅಲ್ಲ, ದುಂಡೇಶ ಹೊಡೆಯುವ ಭೋಂಗಾ. "ಭೋ... ಭೋ... ಭೋ..." ಎಂದು ಅದು ಹೊರಟಿತು, ನೀರು ಸಿಕ್ಕಿಕೊಂಡ ಪಂಪಿನ ಹಾಗೆ, "...ಭೋಂ." ಸೈಕಲ್ಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹರೀಶನ ಕಿವಿ ಸುಟ್ಟಿತು. ನಗಿಸುವುದಕ್ಕೆ ಹೊರಟು ನಗಿಸಿದರೆ ಕಲೆ. ಹೊರಡದೆ ನಗೆಗೀಡಾದರೆ ಹೇಗಿರುತ್ತದೆ ಎನ್ನುವುದು ಅವನಿಗೆ ಮೊದಲ ಸಲ ತಿಳಿದದ್ದು. ಇದನ್ನೇ, ಇಷ್ಟನ್ನೇ ಅಲ್ಲವೇ ದುಂಡೇಶ ಪ್ರತಿ ಅಂಗಡಿಯಲ್ಲಿ, ಪ್ರತಿ ಟೋಲಿನಲ್ಲಿ, ಪ್ರತಿ ಅಪರಿಚಿತನ ಎದುರು ದಾಟಿ ಬಂದದ್ದು? ಮತ್ತೆ ಮರುದಿನ ಬೆಳಿಗ್ಗೆ ಅದೇ ಅಂಗಡಿಗೆ ಹೋಗಿ, ಅದೇ ಮಾತನ್ನು ಮೊದಲಿನಿಂದ ಶುರುಮಾಡುತ್ತಿದ್ದನಲ್ಲ. ಆ ಕಡೆ ಕಾಶೆವ್ವನ ಕೆಮ್ಮು. ಅವಳ ಹಿಂದೆ ಇನ್ನೂ ನಾಲ್ಕೈದು ಕೆಮ್ಮು. ಓಣಿಗೆಲ್ಲ ನೆಗಡಿ ಬಂದಿರಬೇಕು. ದುಂಡೇಶ ಸೇತುವೆಯ ಕಟಕಟೆಗೆ ಹಣೆ ಹಚ್ಚಿ ನದಿ ನೋಡುತ್ತಿದ್ದ, ಹೆಗಲು ಹಿಡಿತವಿಲ್ಲದೆ ಅಲುಗುತ್ತಿತ್ತು.

ಮಂಜು ಹರಿದು ಬಿಸಿಲು ಬಿದ್ದಿತ್ತು. ಕುಂಬಾರವಾಡ ಹಿಂದಾಗಿ, ದಾರಿ ಬಿದಿರಿನ ನಡುವೆ ಏರತೊಡಗಿತು. ತಲೆಯ ಮೇಲೆ ಮಂಗಟ್ಟೆಯೊಂದು ಉಗಿಬಂಡಿಯ ಹಾಗೆ ರೆಕ್ಕೆ ಸದ್ದು ಮಾಡುತ್ತ ದಾಟಿತು, ಕೂಗಿತು. ಹರೀಶ ಅಭ್ಯಾಸಬಲದಿಂದ ಕೂಗಿದ. ಹಕ್ಕಿ ಉತ್ತರ ಕೊಟ್ಟಿತು. ದುಂಡೇಶ ನಿಂತು, ತಿರುಗಿ, ಕಣ್ಣರಳಿಸಿ, ಶಭಾಷ್ ಅನ್ನುವಂತೆ ತಲೆ ಆಡಿಸಿದ. ಆ ಮುಖದಲ್ಲಿ ಒಂದು ಚೂರೂ ಕಹಿ ಇಲ್ಲದ್ದು ಕಂಡು ಹರೀಶನಿಗೆ ಇನ್ನೂ ಕಷ್ಟವಾಯಿತು. ಬೈಯಬಾರದೇ, ಕಣ್ಣಿನಲ್ಲಾದರೂ? ಮಾತಿಲ್ಲದ ಇಷ್ಟು ದಿನಗಳಲ್ಲಿ ದುಂಡೇಶ ದೊಡ್ಡವನಾಗುತ್ತ ಹೋಗಿದ್ದ. ಮಾತಿನ ಹೊಸ್ತಿಲಲ್ಲಿ ಎಡವುವ ದುಂಡೇಶನನ್ನಷ್ಟೇ ಹರೀಶ ನೋಡಿದ್ದ. ಹೊಸ್ತಿಲೇ ಇಲ್ಲದಾಗ ಆತ ಹೇಗೆ ನೇರ ನಡೆಯುತ್ತಾನೆ, ನಾಯಿಗೆ ಹೇಗೆ ಕೈ ಚಾಚುತ್ತಾನೆ, ಗುರುತಿಲ್ಲದ ಮುದುಕಿಯ ಸೌದೆ ಹೊರೆಯನ್ನು ಹೇಗೆ ಕೇಳದೆಯೇ ತಲೆಯ ಮೇಲೆ ಏರಿಸಿಕೊಡುತ್ತಾನೆ, ಎಲ್ಲ ಈಗ ಕಾಣುತ್ತಿತ್ತು. ಹರೀಶನಿಗೆ ಹೇಳಬೇಕು ಅನ್ನಿಸಿತು. ಹೇಳಿಯೂ ಬಿಟ್ಟ, ಬೆನ್ನಿಗೆ.

"ದುಂಡ್ಯಾ, ಆ ಟೆಂಪೋ ಡ್ರೈವರ್ ಐಟಂ ಇನ್ನ ಮಾಡಂಗಿಲ್ಲ ನಾ."

ಬೆನ್ನು ನಿಂತಿತು. ದುಂಡೇಶ ಚೀಲದ ಬಾಯಿ ಬಿಚ್ಚಿ, ಬೆಲ್ಲದ ಹೆಂಟೆ ಮುರಿದು, ಹತ್ತಿರ ಬಂದು, ಹರೀಶ ಇನ್ನೊಂದು ಮಾತು ಆಡುವ ಮುಂಚೆ ಅವನ ಬಾಯಿಗೆ ತುರುಕಿದ. ಮತ್ತೆ ಮುಂದೆ ನಡೆದ. ಬೆಲ್ಲ ದೊಡ್ಡದಿತ್ತು. ಹರೀಶ ಅದನ್ನು ಕೆನ್ನೆಯಲ್ಲಿಟ್ಟುಕೊಂಡು ಬಹಳ ದೂರ ನಡೆದ, ಇದರ ಅರ್ಥ ಸಾಕು ಎಂದೋ, ತಡವಾಯಿತು ಎಂದೋ, ಬರೀ ಬೆಲ್ಲವೋ ಎಂದು ಚೀಪುತ್ತ.

ಕಳೆದುಬಂದ ಸಂಜೆಗಳಲ್ಲಿ ಜೋಯಿಡಾದ ಸಂಜೆಯೇ ಎಲ್ಲಕ್ಕಿಂತ ಕೆಟ್ಟದ್ದು. ಸೂಪಾದ ಹಿನ್ನೀರಿನ ಗಾಳಿಗೆ ಇಡೀ ದಿನ ಎದುರು ನಡೆದು ಬಂದು, ದುಂಡೇಶ ನಲ್ಲಿಯ ಹತ್ತಿರ ಕಾಲು ತೊಳೆಯಲು ಹೋದಾಗ ಫೋನು ಬಂತು. ಹರೀಶ ಒಬ್ಬನೇ ಇದ್ದ. ನೋಡುವವರಿಲ್ಲದಾಗಲೂ ಅವನ ಕುತ್ತಿಗೆಯ ನರ ಉಬ್ಬಿತು.

"ಆ ಹರ್ಯಾ ಹೆಂಗದಾನು?" ಎಂದಳು ಕಾಶೆವ್ವ ಇದ್ದಕ್ಕಿದ್ದಂತೆ. "ನಡ್ಯಾಕ ಹತ್ಯಾನೋ, ಕುಂತಲ್ಲೆ ಕುಂತಾನೋ? ನಿನಗ ತ್ರಾಸ್ ಏನರೆ ಕೊಡ್ತಾನೇನು?"

ತನ್ನ ಬಗ್ಗೆ ಗೆಳೆಯನ ಬಾಯಿಂದ ಏನು ಬೇಕಾದರೂ ಹೇಳಿಸಬಹುದಿತ್ತು. ಒಳ್ಳೆಯವನು ಎಂದು ಹೇಳಿಸಲು ನಾಲಿಗೆ ಎದ್ದಿತು ಕೂಡ. "ಅಂ... ಅಂವ ನನ್ನ ಅಣಗಸ್ತಾನವ್ವಾ," ಎಂದಿತು ಅದು. "ಮಂ... ಮಂದಿ ಮುಂದ. ಬೆಂಕಿ ಸುತ್ತ ಕುಂತ ಮಂದಿ ನಗ್ತಾರ. ನಾ ಎದುರಿಗೆ ನಿಂತಾಗೂ ಬಿಡಂಗಿಲ್ಲ." ಕೊನೆಯ ವಾಕ್ಯಕ್ಕೆ ತೊದಲು ಹಾಕುವುದನ್ನು ಮರೆತಿದ್ದ. ಅದು ದುಂಡೇಶನ ದನಿಯೂ ಆಗಿರಲಿಲ್ಲ, ಅವನಿಗೆ ಗೊತ್ತಿದ್ದ ತನ್ನ ದನಿಯೂ ಆಗಿರಲಿಲ್ಲ. ಸಿಕ್ಕಿಬಿದ್ದೆ, ಅಂದುಕೊಂಡ. ಆ ಕಡೆ ಅಂದು ಕೆಮ್ಮು ಬರಲಿಲ್ಲ.

"ಗೊತ್ತೈತಪಾ," ಎಂದಳು ಕಾಶೆವ್ವ, ಸಣ್ಣಗೆ. "ಅವಗ ಒಂದ ಮಾತ ಹೇಳು ನನ್ನ ಕಡಿಂದ. ಮಂದಿ ದನಿ ಎಲ್ಲಾ ಬರತಾವು ಅವಗ. ತನ್ನ ದನಿ ತಾ ಒಮ್ಮೆರ ಮಾಡಿ ತೋರಸು ಅನ್ನು. ಕೇಳಬೇಕಂತ ಭಾಳ ಆಸೆ ಐತಿ ನನಗ."

"ಹೇ... ಹೇಳ್ತೇನವ್ವಾ," ಎಂದ ಹರೀಶ. ಆ ತೊದಲು ನಟನೆಯೋ ನಿಜವೋ ಅವನಿಗೇ ತಿಳಿಯಲಿಲ್ಲ. ದುಂಡೇಶ ಹಸಿ ಕಾಲಿನಲ್ಲಿ ಬಂದು, ಅವನ ಮುಖ ನೋಡಿ, ತನ್ನ ಟವೆಲ್ಲು ಚಾಚಿದ. ಹರೀಶ ಕಾಲು ತೊಳೆದಿರಲಿಲ್ಲ. ಮುಖ ಒರೆಸಿಕೊಂಡ.

ಬಿಸಿಲು ಇಳಿಯತೊಡಗಿದಾಗ ಉಳವಿ ಬಂತು. ಅದು ಬರುತ್ತದೆ ಎಂದು ಗೊತ್ತೇ ಆಗಲಿಲ್ಲ. ಕಾಡು ಇದ್ದಂತೆಯೇ ಇದ್ದು, ಒಂದು ತಿರುವಿನಲ್ಲಿ ದೇವಸ್ಥಾನದ ಅಂಗಳವಾಯಿತು. ಸಂತೆಯಿಲ್ಲದ ದಿನದ ಸುಮ್ಮನೆ ಅಂಗಳ. ಒಂದು ದನ, ಎರಡು ಅಂಗಡಿ, ಕಲ್ಲಿನ ಮೇಲೆ ಒಣಹಾಕಿದ ಪಂಜೆ. ಇಬ್ಬರೂ ಕೆರೆಯಲ್ಲಿ ಕಾಲು ತೊಳೆದರು. ದುಂಡೇಶನ ಅಂಗಾಲು ನೀರಿನಲ್ಲಿ ಕಂಡು ಹರೀಶ ಕಣ್ಣು ಬೇರೆ ಕಡೆ ತಿರುಗಿಸಿದ. ಗುಡಿಯ ಒಳಗೆ ದುಂಡೇಶ ಉದ್ದಕ್ಕೆ ಅಡ್ಡಬಿದ್ದ. ಬಹಳ ಹೊತ್ತು ಏಳಲಿಲ್ಲ. ಆ ಅಗಲ ಬೆನ್ನು ನೆಲದ ಮೇಲೆ, ಉಸಿರಿಗೆ ಏರಿಳಿಯುತ್ತ. ಹರೀಶ ಕಂಬಕ್ಕೆ ಒರಗಿ ಕೈ ಮುಗಿದ. ಬೇಡಿಕೊಳ್ಳಲು ಏನೂ ಇರಲಿಲ್ಲ, ಒಂದು ಬಿಟ್ಟು: ಮೊದಲ ಮಾತು ಎಷ್ಟು ಕೆಟ್ಟದ್ದಾದರೂ ಇರಲಿ, ಇವನಿಗೆ ಅದು ತೊಡಕಿಲ್ಲದೆ ಬರಲಿ. ಇಷ್ಟು ನಡೆದವನು ಅದಕ್ಕಾದರೂ ಎಡವದಿರಲಿ.

ಹೊರಗೆ ಅಂಗಳದಲ್ಲಿ ದುಂಡೇಶ ಮೆಟ್ಟಿಲಿಳಿದು ನಿಂತ, ಹರೀಶನ ಕಡೆ ತಿರುಗಿದ. ಬಾಯಿ ತೆರೆಯಿತು. ಹರೀಶ ಕಣ್ಣು ಮುಚ್ಚಿದ.

"ಯವ್ವಾ, ಹಸದ ಬಂದೇನಿ. ಬುತ್ತಿ ಏನ್ ಕಟಗೊಂಡ ಬಂದೀ?"

ಕಾಲುವೆಯಲ್ಲಿ ನೀರು ಬಿಟ್ಟ ಹಾಗೆ ಬಂತು ಆ ಮಾತು, ಎಲ್ಲೂ ನಿಲ್ಲದೆ, ಎಲ್ಲೂ ತಡೆಯದೆ. ಯಾರೋ ಬೇರೆ ಯಾತ್ರಿಕ ಮಾತಾಡಿದ ಅಂದುಕೊಂಡು ಹರೀಶ ಕಣ್ಣು ಬಿಟ್ಟ. ಬೇರೆ ಯಾರೂ ಇರಲಿಲ್ಲ. ದುಂಡೇಶ ಅವನ ಹೆಗಲಿನ ಮೇಲಿಂದ ಆಚೆ ನೋಡುತ್ತಿದ್ದ. ಅಲ್ಲಿ, ಹೊರಬಾಗಿಲ ಹತ್ತಿರ, ದುಂಡೇಶನದೇ ಟೆಂಪೋ. ಸ್ಟಿಯರಿಂಗಿನ ಹಿಂದೆ ಶೌಕತ. ಹಿಂದಿನ ತೊಟ್ಟಿಯಿಂದ ತೇರಗಾಂವದ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಸೀರೆ ಎತ್ತಿ ಇಳಿಯುತ್ತಿದ್ದರು. ಎಲ್ಲರಿಗೂ ಮುಂದೆ, ತಲೆಯ ಮೇಲೆ ಬುತ್ತಿಯ ಗಂಟು ಹೊತ್ತು ಕಾಶೆವ್ವ. ಅವಳು ನೆಟ್ಟಗೆ ನಡೆದು ಬಂದು, ಮಗನನ್ನಲ್ಲ, ಹರೀಶನನ್ನು ನೋಡಿ, ಗಂಟಲು ಸರಿಮಾಡಿಕೊಂಡು ಹೇಳಿದಳು:

"ರೊ... ರೊ... ರೊಟ್ಟಿ. ಮತ್ತ ಪ... ಪ... ಪುಂಡಿಪಲ್ಯ!"

ಹೆಂಗಸರು ಬಿದ್ದು ಬಿದ್ದು ನಕ್ಕರು. ಒಬ್ಬಳು ಸೆರಗು ಬಾಯಿಗೆ ತುರುಕಿ "ಭೋ... ಭೋ..." ಎಂದು ಶುರುಮಾಡಿ ಮುಗಿಸಲಾರದೆ ಕಲ್ಲಿನ ಮೇಲೆ ಕೂತಳು. ಶೌಕತ ಟೆಂಪೋದ ಹಾರ್ನನ್ನು ಅದೇ ತೊದಲಿನಲ್ಲಿ ಹೊಡೆದ. ಹರೀಶ ಕಂಬದಂತೆ ನಿಂತಿದ್ದ. ಅವನ ಬಾಯಲ್ಲಿ ಯಾರ ದನಿಯೂ ಇರಲಿಲ್ಲ.

"ಹ... ಹರ್ಯಾ," ಎಂದ ದುಂಡೇಶ. ಅವನ ಕುತ್ತಿಗೆಯ ನರ ಉಬ್ಬಿತ್ತು, ಕಣ್ಣಿನಲ್ಲಿ ನೀರಿತ್ತು. ಅದು ಅಳುವಿನ ನೀರಲ್ಲ, ಎಂದೂ ಆಗಿರಲಿಲ್ಲ ಎನ್ನುವುದು ಈಗ ಇಷ್ಟು ಹತ್ತಿರದಿಂದ ಕಾಣುತ್ತಿತ್ತು. "ಅವ್ವನ ಜೋಡಿ ನಾ ಯಾ... ಯಾವತ್ತರೆ ಹಿಂಗ ಮಾತಾಡೇನೇನಲೇ? ಅಕಿ ಮುಂದ ನನಗ ಅ... ಅಡ್ಡ ಬರೂದ ಇಲ್ಲ. ಮೊದಲನೇ ದಿನಾನ ಕೈ ಮಾಡಿ ಮಾಡಿ ಹೇ... ಹೇಳಿದ್ನೆಲ್ಲಾ, ಬ್ಯಾಡ ಬ್ಯಾಡ ಅಂತ. ನೀ ಹು... ಹುರುಪಿಗೆ ಬಿದ್ದಿ."

"ನಿಮ್ಮನಿಗೆ ಎಷ್ಟ ಸರ್ತಿ ಬಂದೇನಿ..." ಎಂದ ಹರೀಶ.

"ಬಂದೀ. ಬಂದಾಗೆಲ್ಲಾ ನೀ... ನೀನ ಮಾತಾಡೀದಿ. ಕೇಳೀ ಯಾವಾಗ?"

ಹೆದರಿದ್ದ ಮಾತಿನ ಹೊಡೆತ ಬಿತ್ತು. ಆದರೆ ಆ ಅಗಲ ಕೈ ಆಗಲೇ ಅವನ ಹೆಗಲ ಮೇಲಿತ್ತು. ಕಾಶೆವ್ವ ಗಂಟು ಇಳಿಸಿ ಬಿಚ್ಚುತ್ತ, ತಲೆ ಎತ್ತದೆ ಹೇಳತೊಡಗಿದಳು. "ಮೊದಲನೇ ದಿನ ಎದಿ ಝಲ್ ಅಂತು ನನಗ. ಯಾವನೋ ನನ್ನ ಮಗನ ಫೋನ್ ಕಸಗೊಂಡಾನ ಅಂದೆ. ರೊಟ್ಟಿ ಅನ್ನೂದರಾಗ ತಿಳೀತು, ಇಂಥಾ ಕಿತಾಪತಿ ಮಾಡಾಂವ ಈ ಸೀಮ್ಯಾಗ ಒಬ್ಬನ ಅದಾನ. ಮತ್ತ ಯೋಚನಿ ಮಾಡಿದೆ. ಮಗ ಬಾಯಿ ಬಿಡವಲ್ಲ ಅಂದ್ರ ಹರಕಿ. ನನ್ನ ಮುಂದ ಮುಚ್ಚಾಕ ಹತ್ಯಾನ ಅಂದ್ರ ಅದು ನಂದ. ನಾ ಕೇಳಿದ್ರ ಮುರೀತೈತಿ. ಅದಕ್ಕ ನಾನೂ ಬಾಯಿ ಮುಚ್ಚಗೊಂಡೆ. ಇಷ್ಟ ದಿನ ಓಣ್ಯಾಗ ಯಾರ ಮುಂದೂ ಹರಕಿ ಅನ್ನೂ ಶಬ್ದಾ ತಗದಿಲ್ಲ. ಕೇಳು ಇವರನ್ನ." ಹೆಂಗಸರು ಹೌದೆಂದು ತಲೆ ಆಡಿಸಿದರು, ತಮಗೆ ಹೇಳಿದ್ದು ಹರ್ಯಾನ ಕಾರ್ಯಕ್ರಮ ಐತಿ, ದೀಪಾ ಹಚ್ಚೂ ಹೊತ್ತಿಗೆ ಬರ್ರಿ ಅಂತಷ್ಟೇ.

ಆ ದನಿಯ ಒಡತಿ, ಓಣಿ ನಡುಗಿಸುವವಳು, ಇಷ್ಟೊಂದು ಮಾತಾಡಿಕೊಂಡೇ ಒಂದು ಮಾತನ್ನು ಆಡದೆ ಕಾಪಾಡಿದ್ದಳು. ಮಗ ಮುಂಡಗೋಡದಿಂದ ಮೌನ ಹೊತ್ತು ತಂದರೆ, ತಾಯಿ ತೇರಗಾಂವದಲ್ಲಿ ಕೂತಲ್ಲೇ ಅದರ ಇನ್ನೊಂದು ತುದಿ ಹಿಡಿದಿದ್ದಳು. ನಡುವೆ ತಾನು, ಲೋಕದ ಕಿವಿಗೆಲ್ಲ ಮಂಕುಬೂದಿ ಎರಚುವ ತಾನು, ಜೋತುಬಿದ್ದ ಭೋಂಗಾ. ಪ್ರತಿ ಸಂಜೆ ಇವರ ಕಿವಿಯ ಎದುರು ಬೆವರಿದ್ದು, ಒಬ್ಬನೇ ಇದ್ದಾಗಲೂ ನರ ಉಬ್ಬಿಸಿದ್ದು, ಗೋಡೆಗೆ ಮುಖ ಮಾಡಿದವನ ಹೆಗಲು ನೋಡಿ ಅಳು ಅಂದುಕೊಂಡದ್ದು ಎಲ್ಲವೂ ಒಟ್ಟಿಗೆ ನೆನಪಾಗಿ, ಜೋಯಿಡಾದ ಸಂಜೆಯೂ ನೆನಪಾಗಿ, ಆ ಮಾತು ಅವಳು ಗೊತ್ತಿದ್ದೇ ತನಗೇ ಹೇಳಿದ್ದು ಎಂದು ಹರೀಶನಿಗೆ ಹೊಳೆಯಿತು.

"ನ... ನನ್ನಂಗ ಮಾತಾಡೂದು ನಿನಗ ಇನ್ನೂ ಬ... ಬರಂಗಿಲ್ಲಲೇ," ಎಂದ ದುಂಡೇಶ, ರೊಟ್ಟಿ ಮುರಿದು ದೊಡ್ಡ ಚೂರನ್ನು ಅವನ ಕಡೆ ಚಾಚುತ್ತ. "ಪುಂಡಿಪಲ್ಯಾ ನಾ ಸ... ಸಲೀಸ ಅಂತೇನಿ. ನಾಳಿಂದ ಕ... ಕಲಸ್ತೇನಿ. ಐಟಂ ಬಿಡಬ್ಯಾಡ. ಸ... ಸುದ್ದ ಮಾಡು. ನಾನೂ ಬರ್ತೇನಿ, ಜೋ... ಜೋಡಿ ಮಾಡೂಣು."

ಹರೀಶ ಏನೋ ಹೇಳಲು ಹೋದ. ಬಂದದ್ದು ನಗೆ. ಮೊದಲು ಮೂಗಿನಲ್ಲಿ, ಆಮೇಲೆ ಎದೆಯಲ್ಲಿ, ಆಮೇಲೆ ನಿಂತಲ್ಲಿ ನಿಲ್ಲಲಾಗದೆ, ಗುಳ್ಳೆ ಎದ್ದ ಕಾಲಿನ ಮೇಲೆ ಕುಣಿಯುತ್ತ, ಮ್ಯಾನೇಜರನದೂ ಅಲ್ಲದ, ಮಂತ್ರಿಯದೂ ಅಲ್ಲದ, ಒರಟಾದ, ಕತ್ತೆ ಮರಿಯ ಹಾಗೆ ಏರಿ ಏರಿ ಒಡೆಯುವ, ಯಾರೂ ಅವನಿಂದ ಎಂದೂ ಕೇಳಿರದ ನಗೆ. ಅಂಗಳದ ದನ ಮೇಯುವುದು ಬಿಟ್ಟು ನೋಡಿತು. ಹೆಂಗಸರು ತಮ್ಮ ನಗೆ ನಿಲ್ಲಿಸಿ ಕೇಳಿದರು.

"ಹಾಂ," ಎಂದಳು ಕಾಶೆವ್ವ, ಪುಂಡಿಪಲ್ಯ ಬಡಿಸುವ ಕೈಯನ್ನು ಹಾಗೇ ತಡೆದು, ಕಿವಿ ವಾಲಿಸಿ. "ಕೇಳಿದ್ನೆಪಾ."

ಹರೀಶ ಇನ್ನೂ ಜೋರಾಗಿ ನಕ್ಕ.